ತಿರುವಿನ್ಯಾಗ ಗಾಡಿ ತಳ ಉಜ್ಜತದ, ಹಿಂದಿನ ಶಾಕಪ್ ಎತ್ತರ ಮಾಡೋದು ಹ್ಯಾಂಗ?

ಕರಿಮಣ್ಣು_ಕಲಬುರಗಿ
ಮೂರು ವಾರದಿಂದ ತಲಿ ಕೆಟ್ಟದ. ಚಿಂಚೋಳಿ ಕಾಡಿನ ತಿರುವಿನ್ಯಾಗ ಬೈಕ್ ಜರಾ ವಾಲಿಸಿದ್ರ ಸಾಕು, ಕರ್ರ್ ಅಂತ ಕೆಳಗ ಉಜ್ಜತದ. ಪ್ರೀಲೋಡ್ (ಶಾಕಪ್ ಸ್ಪ್ರಿಂಗ್ ಮೊದಲೇ ಒತ್ತಿಡೋ ಬಿಗಿ) ಏರಿಸೀನಿ, ಗಾಳಿ ಬರೋಬ್ಬರಿ ಅದ, ಏನೂ ಫರಕ್ ಬಿದ್ದಿಲ್ಲ. ಹಿಂದ 20 ಎಂಎಂ ಎತ್ತರ ಮಾಡ್ಬೇಕು ಅಂತ ಮಾಡೀನಿ. ಶಾಕಪ್ ಕೆಳಗ ಹಾಕೋ ಎಕ್ಸ್‌ಟೆಂಡರ್ ಅಗ್ಗಕ್ಕ ಸಿಗತಾವ, ಹಾಕ್ಲೇನು? ಜಲ್ದಿ ಹೇಳ್ರಿ.

ಭೀಮಾತೀರ
ಎಕ್ಸ್‌ಟೆಂಡರ್ ಸುತಾರಾಂ ಬ್ಯಾಡ ತಮ್ಮಾ. ಶಾಕಪ್ಪಿನ ಕಣ್ಣಿನ (ಬೋಲ್ಟ್ ಹಾಕೋ ತೂತಿನ) ಕೆಳಗ ಇನ್ನೊಂದು ಜಾಯಿಂಟ್ ಹುಟ್ಟತದ. ತಿರುವಿನ್ಯಾಗ ಅಡ್ಡ ಲೋಡ್ ಬಿದ್ದಾಗ ಅದು ಬೋಲ್ಟನ್ನ ಬಗ್ಗಸ್ತದ, ಬುಷ್ ತಿಂತದ. ಉದ್ದನ್ನ ಶಾಕಪ್ ಜೋಡೀನೇ ತಗೋ. ಮ್ಯಾಲಿನ ಕಣ್ಣಿನ ನಡುವಿನಿಂದ ಕೆಳಗಿನ ಕಣ್ಣಿನ ನಡುವಿನ ತನಕ ಟೇಪ್ ಹಿಡಿ, ಅದಕ್ಕ 10 ಎಂಎಂ ಕೂಡಸು. ಇಂಜಿನ್ ಕೆಳಗ ಜ್ಯಾಕ್ ಕೊಟ್ಟು ಒಂದೊಂದೇ ಶಾಕಪ್ ಬಿಚ್ಚು. ಎರಡೂ ಒಮ್ಮೆಲೇ ಬಿಚ್ಚಿದ್ರ ಸ್ವಿಂಗ್‌ಆರ್ಮ್ (ಹಿಂದಿನ ಗಾಲಿ ಹಿಡಿಯೋ ತೋಳು) ಕೆಳಗ ಬಿದ್ದು ಬ್ರೇಕ್ ಹೋಸ್ ಜಗ್ಗತದ. ಬೋಲ್ಟ್ ಕೊನೀ ಬಿಗಿ ಮಾಡೋದು ಗಾಡಿ ಎರಡೂ ಗಾಲಿ ಮ್ಯಾಲ ನಿಂತ ಮ್ಯಾಲೇ.

ಲಿಂಕೇಜ್_ಬೀದರ
ಶಾಕಪ್ ಯಾಕ ಬದಲಿ ಮಾಡ್ಬೇಕು? ಡಾಗ್‌ಬೋನ್ (ಶಾಕಪ್ಪಿಗೂ ಸ್ವಿಂಗ್‌ಆರ್ಮಿಗೂ ಕೂಡಸೋ ಲಿಂಕ್ ಪಟ್ಟಿ) ಗಿಡ್ಡದು ಹಾಕಿದ್ರ ಹಿಂದಿನ ಭಾಗ ತಾನೇ ಏಳ್ತದ. ಅಲ್ಲಿ 5 ಎಂಎಂ ಕಮ್ಮಿ ಮಾಡಿದ್ರ ಆಕ್ಸಲ್ ಹತ್ರ ಅದರ ಎರಡು ಮೂರು ಪಟ್ಟು ಸಿಗತದ. ಲಿಂಕಿನ ಆಕಾರದ ಮ್ಯಾಲ ಲೆಕ್ಕ ಬದಲಾಗತದ ಅಷ್ಟೇ.

ಭೀಮಾತೀರ
ಡಾಗ್‌ಬೋನ್ ಇರೋದು ಲಿಂಕ್ ಇರೋ ಮೋನೋಶಾಕ್ (ಒಂದೇ ಶಾಕಪ್) ಗಾಡಿಗೆ. ಗಾಡಿ ಯಾವುದು ಅಂತ ಆತ ಹೇಳೇ ಇಲ್ಲ.

ಲಿಂಕೇಜ್_ಬೀದರ
ನೀವೂ ಕೇಳ್ದೇನೇ ಜೋಡಿ ಶಾಕಪ್ ಅಂತ ಹಿಡ್ಕೊಂಡು ಕುಂತೀರಿ ಅಲ್ರಿ.

ಕರಿಮಣ್ಣು_ಕಲಬುರಗಿ
ರಾಯಲ್ ಎನ್‌ಫೀಲ್ಡ್ 650 ಟ್ವಿನ್ ರೀ. ಎರಡು ಶಾಕಪ್, ಐದು ಹಂತದ ಪ್ರೀಲೋಡ್. ಮೊದಲೇ ಬರೆಯೋದು ಬಿಟ್ಟದ.

ಬಿದ್ರಿ_ಕಪ್ಪು
20 ಎಂಎಂ ಎತ್ತಿದರೆ ಎಷ್ಟು ಸಿಗುತ್ತದೆ ಎನ್ನುವ ಲೆಕ್ಕ ಮೊದಲು ಮಾಡೋಣ. ಎತ್ತುವುದು ಹಿಂದಿನ ಆಕ್ಸಲ್ ಮೇಲೆ. ಫುಟ್‌ರೆಸ್ಟ್ ಎರಡು ಗಾಲಿಗಳ ನಡುವೆ ಇರುವುದರಿಂದ ಅಲ್ಲಿಗೆ ಬರುವುದು ಸುಮಾರು 12 ಎಂಎಂ ಮಾತ್ರ. ವಾಲುವ ಕೋನದಲ್ಲಿ ಅದು ಹೆಚ್ಚುಕಡಿಮೆ 1 ಡಿಗ್ರಿ. ಅದಕ್ಕೆ ತೆರುವ ಬೆಲೆ ನೋಡಿ. 1400 ಎಂಎಂ ವೀಲ್‌ಬೇಸಿನ (ಎರಡು ಆಕ್ಸಲ್‌ಗಳ ನಡುವಿನ ಅಂತರ) ಗಾಡಿಯಲ್ಲಿ ಪ್ರತಿ 10 ಎಂಎಂಗೆ ರೇಕ್ (ಹ್ಯಾಂಡಲ್ ತಿರುಗುವ ಅಕ್ಷದ ಓರೆ) 0.4 ಡಿಗ್ರಿ, ಟ್ರೇಲ್ (ಆ ಅಕ್ಷ ನೆಲ ಮುಟ್ಟುವ ಜಾಗದಿಂದ ಮುಂದಿನ ಟೈರ್ ನೆಲ ಮುಟ್ಟುವ ಜಾಗದ ದೂರ) ಎರಡೂವರೆ ಎಂಎಂ ಇಳಿಯುತ್ತದೆ. ಹ್ಯಾಂಡಲ್ ಚುರುಕಾಗುತ್ತದೆ, ಹೆದ್ದಾರಿಯ ವೇಗದಲ್ಲಿ ಮುಂಭಾಗ ಹಗುರವಾಗಿ ಅಲ್ಲಾಡಲೂಬಹುದು. ಸೈಡ್ ಸ್ಟ್ಯಾಂಡಿನ ಮೇಲೆ ಗಾಡಿ ಅತಿಯಾಗಿ ವಾಲುತ್ತದೆ, ಸೆಂಟರ್ ಸ್ಟ್ಯಾಂಡ್ ಹಾಕಿದರೂ ಹಿಂದಿನ ಗಾಲಿ ನೆಲ ಬಿಡುವುದಿಲ್ಲ. ಚೈನ್ ಸಡಿಲನ್ನೂ ಹೊಸದಾಗಿ ನೋಡಬೇಕು. ಮುಂದಿನ ಸ್ಪ್ರಾಕೆಟ್, ಸ್ವಿಂಗ್‌ಆರ್ಮ್ ಪಿವಟ್ (ತಿರುಗುವ ಕೀಲು), ಹಿಂದಿನ ಆಕ್ಸಲ್ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿ. ಅಲ್ಲಿ ಸಡಿಲು ಉಳಿಯದಿದ್ದರೆ ಗೇರ್‌ಬಾಕ್ಸ್ ಬೇರಿಂಗ್ ಹೋಗುತ್ತದೆ.

ಆದ್ದರಿಂದ ಮೊದಲು ಸ್ಯಾಗ್ ಅಳೆಯಿರಿ. ಹಿಂದಿನ ಗಾಲಿ ಗಾಳಿಯಲ್ಲಿದ್ದಾಗ ಆಕ್ಸಲ್‌ನಿಂದ ಸೀಟಿನ ಕೆಳಗಿನ ಒಂದು ಗುರುತಿನವರೆಗೆ ನೇರ ಅಳತೆ. ಆಮೇಲೆ ನೀವು ಹೆಲ್ಮೆಟ್, ಜಾಕೆಟ್ ಹಾಕಿ ಕುಳಿತಾಗ ಅದೇ ಅಳತೆ. ವ್ಯತ್ಯಾಸವೇ ಸ್ಯಾಗ್. ಈ ಗಾಡಿಯ ಹಿಂದಿನ ಟ್ರಾವಲ್ (ಗಾಲಿ ಮೇಲೆ ಕೆಳಗೆ ಚಲಿಸುವ ಒಟ್ಟು ದೂರ) 88 ಎಂಎಂ, ಸ್ಯಾಗ್ 25ರಿಂದ 30ರೊಳಗೆ ಇರಬೇಕು. 40 ಡಿಗ್ರಿ ವಾಲಿದಾಗ ಸಸ್ಪೆನ್ಷನ್ ಮೇಲೆ ಸುಮಾರು 30% ಹೆಚ್ಚು ಭಾರ ಬೀಳುತ್ತದೆ. ನೆಟ್ಟಗೆ ಹೋಗುವಾಗ ಸರಿಯಾಗಿ ಕಾಣುವ ಗಾಡಿ ತಿರುವಿನಲ್ಲಿ ಕುಸಿಯುವುದು ಇದಕ್ಕೇ.

ಭೀಮಾತೀರ
ಪ್ರೀಲೋಡ್ ಏರಿಸೀನಿ ಅಂತ ಆತನೇ ಬರದಾನ. ಸ್ಯಾಗ್ ಅಳದು ಏನು ಸಿಗತದ? ಸ್ಪ್ರಿಂಗೇ ಮೆತ್ತಗದ. ಉದ್ದನ್ನ ಶಾಕಪ್ ಒಂದೇ ದಾರಿ.

ಲಿಂಕೇಜ್_ಬೀದರ
ಸ್ಪ್ರಿಂಗ್ ಮೆತ್ತಗಿದ್ರ ಸ್ಪ್ರಿಂಗ್ ಬದಲಿ ಮಾಡ್ಬೇಕು. ಉದ್ದ ಬ್ಯಾರೆ, ಗಟ್ಟಿತನ ಬ್ಯಾರೆ.

ಭೀಮಾತೀರ
ಬ್ಯಾರೆ ಅಂತ ನನಗೂ ಗೊತ್ತದ್ರಿ. ಈ ಗಾಡೀಗೆ ಎರಡೂ ಒಂದೇ ಶಾಕಪ್ಪಿನ್ಯಾಗ ಸಿಗತಾವ.

ತಿರುಗಣಿ_ಯಾದಗಿರಿ
ಉಜ್ಜೋದು ಏನು, ಯಾವ ಬಾಜು, ಇದನ್ನ ಇಲ್ಲಿ ತನಕ ಯಾರೂ ಕೇಳಿಲ್ಲ. ಫುಟ್‌ರೆಸ್ಟ್ ಉಜ್ಜಿದ್ರ ಅದು ಮ್ಯಾಲಕ್ಕ ಮಡಚತದ, ಹೆದರಬ್ಯಾಡ. ಸ್ಟ್ಯಾಂಡ್ ಇಲ್ಲಾ ಸೈಲೆನ್ಸರ್ ಉಜ್ಜಿದ್ರ ಮಡಚಲ್ಲ, ಸನಿಕೆಯಂಗ ಹಿಂದಿನ ಗಾಲೀನೇ ನೆಲದಿಂದ ಎಬ್ಬಸ್ತದ. ಸೀಮೆಸುಣ್ಣ ತಗೊಂಡು ಎರಡೂ ಫುಟ್‌ರೆಸ್ಟ್ ತುದಿ, ಸೈಡ್ ಸ್ಟ್ಯಾಂಡ್, ಸೆಂಟರ್ ಸ್ಟ್ಯಾಂಡಿನ ಪಾದ, ಸೈಲೆನ್ಸರ್ ತಳಕ್ಕ ದಪ್ಪಗ ಹಚ್ಚು. ಒಂದು ಸುತ್ತು ಹೋಗಿ ಬಾ. ಎಲ್ಲಿ ಅಳಸ್ಯದ ಅದು ಉಜ್ಜತದ.

ಕರಿಮಣ್ಣು_ಕಲಬುರಗಿ
ಎಡಗಡೆ ಅಷ್ಟೇ ರೀ, ಹೇಳೋದು ಮರೆತಿದ್ದೆ. ಸೆಂಟರ್ ಸ್ಟ್ಯಾಂಡಿನ ಎಡಪಾದದ ಮ್ಯಾಲಿನ ಸುಣ್ಣ ಪೂರಾ ಹೋಗ್ಯದ. ಫುಟ್‌ರೆಸ್ಟಿಂದು ಹಂಗೇ ಅದ. ಸ್ಯಾಗ್ 38 ಎಂಎಂ ಬಂತು. ಮತ್ತ, ಸ್ಟ್ಯಾಂಡ್ ಖಟಖಟ ಅಂತಿತ್ತು ಅಂತ ಹೋದ ತಿಂಗಳು ಮಿಸ್ತ್ರಿ ಸ್ಟಾಪರ್ (ಸ್ಟ್ಯಾಂಡ್ ಮಡಚಿದಾಗ ಬಂದು ತಾಗೋ ತಡೆ) ಮ್ಯಾಲ ಹಳೇ ಟೈರಿನ ತುಂಡು ತಂತೀಲೆ ಕಟ್ಟಿದ್ದ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಂದ್ಕೊಂಡೀನಿ.

ತಿರುಗಣಿ_ಯಾದಗಿರಿ
ಅದೇ ಸಂಬಂಧ! ತುಂಡು ಎಷ್ಟು ದಪ್ಪ ಅದ?

ಕರಿಮಣ್ಣು_ಕಲಬುರಗಿ
12 ಎಂಎಂ.

ತಿರುಗಣಿ_ಯಾದಗಿರಿ
ಸ್ಟಾಪರ್ ಪಿವಟ್ಟಿನ ಹತ್ರ ಅದ, ಪಾದ ದೂರ ಅದ. ಪಾದದ ದೂರ ಮೂರು ಪಟ್ಟು ಇದ್ರ 12 ಎಂಎಂ ತುಂಡಿಗೆ ಪಾದ 36 ಎಂಎಂ ಕೆಳಗ ಜೋತು ಬೀಳ್ತದ. ನೀ 20 ಎಂಎಂ ಉದ್ದ ಶಾಕಪ್ ಹಾಕಿದ್ರೂ ಅದು ಉಜ್ಜತಿತ್ತು. ತುಂಡು ತೆಗೆದು ಅದೇ ಗಾಡೀದು ರಬ್ಬರ್ ಸ್ಟಾಪರ್ ಹಾಕು. ಖಟಖಟ ಸದ್ದಿಗೆ ಕಾರಣ ಬ್ಯಾರೆ: ಪಿವಟ್ಟಿನ್ಯಾಗ ಕರಿಮಣ್ಣು ಹೊಕ್ಕು ಬುಷ್ ಸವದಿರ್ತದ, ಇಲ್ಲಾ ಸ್ಪ್ರಿಂಗ್ ಜಗ್ಗಿರ್ತದ. ಪಿವಟ್ ಬೋಲ್ಟ್ ತೆಗೆದು ಡೀಸೆಲ್ಲಿಲೆ ತೊಳೆದು, ಒಣಗಿಸಿ, ಗ್ರೀಸ್ ತುಂಬು. ಸ್ಟ್ಯಾಂಡ್ ಕೈಯಿಲೆ ಕೆಳಗ ಜಗ್ಗಿ ಬಿಟ್ರ ಠಪ್ ಅಂತ ಮ್ಯಾಲ ಹೋಗಿ ಕೂಡಬೇಕು. ಸಾವಕಾಶ ಹೋದ್ರ ಸ್ಪ್ರಿಂಗ್ ಬದಲಿ ಮಾಡು.

ಬಿದ್ರಿ_ಕಪ್ಪು
38 ಸ್ಯಾಗ್ ಕೂಡ ಹೆಚ್ಚಾಯಿತು. ಎರಡೂ ಶಾಕಪ್ಪಿನ ಪ್ರೀಲೋಡ್ ಹಂತ ಒಂದೇ ಇದೆಯೇ ನೋಡಿ. ಸೀ ಪಾನಾ (ಪ್ರೀಲೋಡ್ ತಿರುಗಿಸುವ ಕೊಕ್ಕೆ ಸ್ಪ್ಯಾನರ್) ಒಂದು ಕಡೆ ತಿರುಗಿ ಇನ್ನೊಂದು ಕಡೆ ಜಾರಿರುತ್ತದೆ.

ಕರಿಮಣ್ಣು_ಕಲಬುರಗಿ
ಬಲಗಡೆ 4ನೇ ಹಂತ, ಎಡಗಡೆ 2 ಇತ್ತು. ಎರಡೂ 4ಕ್ಕ ತಂದೆ, ಸ್ಯಾಗ್ 29 ಬಂತು. ಟೈರಿನ ತುಂಡು ತೆಗೆದು ಪಿವಟ್ ತೊಳದೆ, ಮುಷ್ಟಿ ತುಂಬ ಮಣ್ಣು ಬಿತ್ತು. ಸುಣ್ಣ ಹಚ್ಚಿ ಮತ್ತ ಹೋಗಿ ಬಂದೆ. ಈಗ ಅಳಸೋದು ಎಡ ಫುಟ್‌ರೆಸ್ಟಿನ ತುದಿ ಅಷ್ಟೇ, ಅದೂ ಪೂರಾ ವಾಲಿದಾಗ. ಶಾಕಪ್ ತಗೊಳ್ಳೋದು ಬಿಟ್ಟೀನಿ. ಸ್ಟ್ಯಾಂಡ್ ಸ್ಪ್ರಿಂಗ್ ಹಾಕ್ಲಿಕ್ಕ ಕೊಕ್ಕಿ ಬೇಕೇನು, ಇಲ್ಲಾ ಸ್ಪ್ರಿಂಗಿನ ಸುರುಳಿ ನಡುವ ನಾಣ್ಯ ಸೇರಿಸಿ ಉದ್ದ ಮಾಡ್ಬಹುದಾ?

ತಿರುಗಣಿ_ಯಾದಗಿರಿ
ನಾಣ್ಯ ನಡೀತದ. ಸ್ಟ್ಯಾಂಡ್ ಕೆಳಗ ಇಳಿಸಿ, ಜಗ್ಗಿದ ಸ್ಪ್ರಿಂಗಿನ ಒಂದೊಂದು ಸಂದಿಗೆ ಒಂದೊಂದು ತುರುಕು. ಆಮ್ಯಾಲ ಸ್ಟ್ಯಾಂಡ್ ಮಡಚಿದ್ರ ಸ್ಪ್ರಿಂಗ್ ಉದ್ದೇ ಉಳೀತದ, ಕೈಯಿಲೆ ತೆಗೀಬಹುದು. ಹೊಸದಕ್ಕ ಬೆಂಚ್ ವೈಸಿನ್ಯಾಗ ಹಿಂಗೇ ಬಗ್ಗಿಸಿ ನಾಣ್ಯ ತುಂಬು, ಹಾಕಿದ ಮ್ಯಾಲ ಸ್ಟ್ಯಾಂಡ್ ಇಳಿಸಿದ್ರ ಎಲ್ಲಾ ಉದುರತಾವ. ಕಣ್ಣಿಗೆ ಕನ್ನಡಕ ಮರೀಬ್ಯಾಡ.