ಅಪ್‌ಡೇಟ್: ಟ್ರೇಲರ್, ಪಿಕಪ್, ಹಿಚ್ ತೂಕ ಹಾಕಿಸಿ ಆಯ್ತು

ನಾನು ಇಲ್ಲಿ ಕೇಳಿದ್ದು ಇಷ್ಟು: 3,400 ಕೆಜಿ ಎಳೆಯುವ ಸಾಮರ್ಥ್ಯದ ಪಿಕಪ್‌ಗೆ 2,500 ಕೆಜಿಯ ಟ್ರಾವೆಲ್ ಟ್ರೇಲರ್ ಹೊಂದುತ್ತದೆಯೇ? ಎಳೆಯುವ ಸಾಮರ್ಥ್ಯಕ್ಕಿಂತ ಮೊದಲು ಪೇಲೋಡ್ (ಪಿಕಪ್ ತನ್ನ ಮೇಲೆ ಹೊರಬಹುದಾದ ತೂಕ) ನೋಡಿ ಎಂದವರ ಮಾತೇ ಸರಿ.

ವೇ ಬ್ರಿಡ್ಜ್‌ನಲ್ಲಿ ಮೊದಲು ಬರೀ ಪಿಕಪ್, ಆಮೇಲೆ ಹಿಚ್‌ನ (ಪಿಕಪ್‌ಗೆ ಟ್ರೇಲರ್ ಕೂಡಿಸುವ ಜೋಡಣೆ) ಸ್ಪ್ರಿಂಗ್ ಬಾರ್, ಅಂದರೆ ತೂಕ ಹಂಚುವ ಸರಳು, ಹಾಕದೆ ಟ್ರೇಲರ್ ಕೂಡಿಸಿ, ಅದರ ಚಕ್ರಗಳನ್ನು ಹೊರಗೇ ನಿಲ್ಲಿಸಿ ತೂಗಿದೆ. ವ್ಯತ್ಯಾಸ 325 ಕೆಜಿ, ಅಂದರೆ ಟ್ರೇಲರ್ ತೂಕದ ಶೇ. 13. ಇದೇ ಟಂಗ್ ತೂಕ: ಟ್ರೇಲರ್‌ನ ಮೂತಿ ಪಿಕಪ್ ಮೇಲೆ ಹಾಕುವ ಭಾರ. ಅದು ಶೇ. 10ರಿಂದ 15ರೊಳಗೆ ಇರಬೇಕು. ಕಡಿಮೆಯಾದರೆ ಟ್ರೇಲರ್ ಬಾಲ ಬೀಸುತ್ತದೆ.

ಬಾಗಿಲ ಸ್ಟಿಕರ್‌ನಲ್ಲಿದ್ದ ಪೇಲೋಡ್ 640 ಕೆಜಿ. ಟಂಗ್ 325, ಹಿಚ್ 45, ಜನ ಮತ್ತು ಸಾಮಾನು 310: ಒಟ್ಟು 680! ಹತ್ಯಾರದ ಪೆಟ್ಟಿಗೆ, ಕುರ್ಚಿ, ಮೇಜು ಸೇರಿ 60 ಕೆಜಿಯನ್ನು ಪಿಕಪ್‌ನಿಂದ ಟ್ರೇಲರ್‌ನ ಆಕ್ಸಲ್ ಮೇಲಕ್ಕೇ ಸರಿಸಿದ್ದರಿಂದ 620ಕ್ಕೆ ಇಳಿಯಿತು, ಟಂಗ್ ತೂಕ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ನೀರಿನ ಟ್ಯಾಂಕ್ ಆಕ್ಸಲ್ ಹಿಂದಿದ್ದರೆ ತುಂಬಿದಾಗ ಟಂಗ್ ಹಗುರಾಗುತ್ತದೆ, ಮತ್ತೆ ತೂಗಲೇಬೇಕು.

ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ (ಟಂಗ್ ತೂಕವನ್ನು ಮುಂಚಕ್ರಗಳಿಗೂ ಹಂಚುವ ಹಿಚ್) ಹೊಂದಿಸಲು ಅಳತೆ ಟೇಪ್ ಸಾಕು. ಮುಂಚಕ್ರದ ಮೇಲಿನ ಕಮಾನು ನೆಲದಿಂದ 92 ಸೆಂ.ಮೀ. ಇತ್ತು, ಟ್ರೇಲರ್ ಕೂಡಿಸಿದಾಗ 95.5. ಸ್ಪ್ರಿಂಗ್ ಬಾರ್ ಎಳೆದು ಹಿಡಿಯುವ ಚೈನಿನ ಒಂದು ಕೊಂಡಿ ಬಿಗಿ ಮಾಡಿದ ಮೇಲೆ 93.5. ಎಷ್ಟು ಇಳಿಸಬೇಕೆಂಬುದು ವಾಹನದ ಮ್ಯಾನುಯಲ್‌ನಲ್ಲಿರುತ್ತದೆ, ಅದನ್ನು ಮೀರಬೇಡಿ. ಅತಿ ಬಿಗಿಯಾದರೆ ಹಿಂಚಕ್ರದ ಹಿಡಿತ ಹೋಗುತ್ತದೆ.

ಬಾಲ್ (ಟ್ರೇಲರ್ ಕೂರುವ, ಪಿಕಪ್ ಹಿಂದಿನ ಗುಂಡು) ವಿಷಯ ದಯವಿಟ್ಟು ಕಡೆಗಣಿಸಬೇಡಿ. ಕಪ್ಲರ್ (ಬಾಲ್ ಹಿಡಿಯುವ ಟ್ರೇಲರ್‌ನ ಬಾಯಿ) ಮೇಲೆ 2 5/16 ಇಂಚು ಎಂದು ಒತ್ತಿದ್ದರೆ ಅದೇ ಬಾಲ್ ಬೇಕು. 2 ಇಂಚಿನ ಬಾಲ್ ಮೇಲೂ ಲ್ಯಾಚ್ ಮುಚ್ಚಿಕೊಂಡಂತೆ ಕಾಣುತ್ತದೆ, ಹಂಪ್‌ನಲ್ಲಿ ಎಗರಿ ಕಳಚಬಹುದು. ಲ್ಯಾಚ್ ಹಾಕಿದ ಮೇಲೆ ಟ್ರೇಲರ್ ಮೂತಿ ಎತ್ತುವ ಟಂಗ್ ಜ್ಯಾಕನ್ನು ಸ್ವಲ್ಪ ಏರಿಸಿ: ಪಿಕಪ್ ಹಿಂಭಾಗವೂ ಜತೆಗೆ ಎದ್ದರೆ ಕಪ್ಲರ್ ಬಾಲ್ ಮೇಲೆ ಸರಿಯಾಗಿ ಕೂತಿದೆ ಎಂದರ್ಥ.