ಅಪ್‌ಡೇಟ್: ಅಕ್ಕನ ಪಿತ್ತಕೋಶದ ಗೋಡೆ ದಪ್ಪ ಆಗಿದ್ದಕ್ಕೆ ಕಾರಣ ಸಿಕ್ತು

ಕಲ್ಲೇ ಇಲ್ಲ, ಆದ್ರೂ ಸ್ಕ್ಯಾನಿಂಗಲ್ಲಿ ಅಕ್ಕನ ಪಿತ್ತಕೋಶದ ಗೋಡೆ ದಪ್ಪ ಅಂತ ಬಂದಿದೆ, ಏನ್ ಮಾಡೋದು ಅಂತ ಕೇಳಿದ್ದೆ. ‘ಎಂಆರ್‌ಸಿಪಿ (ಪಿತ್ತನಾಳ, ಮೇದೋಜೀರಕ ನಾಳ ತೋರಿಸೋ ಎಂಆರ್‌ಐ ಸ್ಕ್ಯಾನ್) ಮಾಡ್ಸಿ’ ಅಂದವರಿಗೆ ದೊಡ್ಡ ನಮಸ್ಕಾರ, ವಿಷಯ ಗೊತ್ತಾಗಿದ್ದು ಅದರಲ್ಲೇ.

ಪಿತ್ತನಾಳ, ಮೇದೋಜೀರಕ ಗ್ರಂಥಿಯ ನಾಳ ಎರಡೂ ಸಾಮಾನ್ಯವಾಗಿ ಸಣ್ಣಕರುಳಿನ ಗೋಡೆಯೊಳಗೆ ಕೂಡುತ್ತವೆ. ಅಕ್ಕನಿಗೆ ಹುಟ್ಟಿನಿಂದಲೇ ಗೋಡೆಯ ಹೊರಗೇ ಕೂಡಿಬಿಟ್ಟಿವೆ. ಡಾಕ್ಟ್ರು ಚೀಟಿ ಹಿಂದೆ ಎರಡು ಗೆರೆ ಎಳೆದು ತೋರಿಸಿದ್ರು: ಕೂಡೋ ಜಾಗದಲ್ಲಿ ಬಿಗಿ ಹಿಡಿಯೋ ಸ್ನಾಯು ಇಲ್ಲ, ಹಾಗಾಗಿ ಮೇದೋಜೀರಕ ರಸ ಹಿಮ್ಮುಖವಾಗಿ ಪಿತ್ತಕೋಶಕ್ಕೆ ನುಗ್ಗುತ್ತೆ. ವರ್ಷಗಟ್ಟಲೆ ಒಳಪದರ ಕೆರಳ್ತಾನೇ ಇದ್ರೆ ಕ್ಯಾನ್ಸರ್ ಅಪಾಯ ಜಾಸ್ತಿ, ಕಲ್ಲು ಇರಲೇಬೇಕು ಅಂತೇನಿಲ್ಲ. ನನಗಂತೂ ಇದೇ ಹೊಸದು.

‘ಆರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್’ ಅಂತ ಕೆಲವರು ಅಂದಿದ್ದು ಸಣ್ಣ ಪಾಲಿಪ್‌ಗೆ (ಒಳಗೋಡೆಯಲ್ಲಿ ಬೆಳೆಯೋ ಗಂಟು) ಸರಿ ಇರಬಹುದು, ಇಲ್ಲಿ ನಡೀಲಿಲ್ಲ. ಕಲ್ಲು ಹೊರಗೆ ಬರುತ್ತೆ ಅಂತ ಆಪಲ್ ಜ್ಯೂಸ್, ಆಲಿವ್ ಎಣ್ಣೆ ಕುಡಿಸಿ ಅಂದವರೇ, ಬೇಜಾರು ಮಾಡ್ಕೋಬೇಡಿ: ಆಮೇಲೆ ಹೊರಗೆ ಬರೋ ಹಸಿರು ಉಂಡೆ ಕಲ್ಲಲ್ಲ, ಎಣ್ಣೆಯೇ ಹೊಟ್ಟೆಯಲ್ಲಿ ಸೋಪಾಗಿರೋದು!

ಪಿತ್ತನಾಳ ಹಿಗ್ಗಿರಲಿಲ್ಲ, ಅದಕ್ಕೆ ಲ್ಯಾಪ್ರೊಸ್ಕೋಪಿಯಲ್ಲಿ ಪಿತ್ತಕೋಶ ಮಾತ್ರ ತೆಗೆದ್ರು. ಹಿಗ್ಗಿದ್ದಿದ್ರೆ ನಾಳವನ್ನೂ ತೆಗೆಯೋ ದೊಡ್ಡ ಆಪರೇಷನ್ ಆಗ್ತಿತ್ತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ, ಸದ್ಯ!

ಬೇರೆ ಯಾವುದಕ್ಕೆ ಹುಷಾರಾಗಿರಬೇಕು ಅಂತ ಕೇಳಿದ್ದಕ್ಕೆ 3 ಸೆಂ.ಮೀ.ಗಿಂತ ದೊಡ್ಡ ಕಲ್ಲು, 10 ಮಿ.ಮೀ. ದಾಟಿದ ಪಾಲಿಪ್, ಗೋಡೆಯಲ್ಲಿ ಸುಣ್ಣ ಕಟ್ಟಿರೋದು, ದೇಹದಲ್ಲೇ ಉಳಿದುಬಿಟ್ಟ ಟೈಫಾಯ್ಡ್ ಸೋಂಕು ಅಂದ್ರು. ಮಾಮೂಲಿ ಕಲ್ಲಿರೋ ಬಹುತೇಕರಿಗೆ ಕ್ಯಾನ್ಸರ್ ಬರಲ್ವಂತೆ. ಅಕ್ಕ ಈಗ ಅನ್ನ-ಸಾರು ಆರಾಮಾಗಿ ಊಟ ಮಾಡ್ತಿದ್ದಾಳೆ. ನಾಳ ಹಾಗೇ ಇರೋದ್ರಿಂದ ಆಗಾಗ ಚೆಕಪ್ ಮಾತ್ರ ಬಿಡೋ ಹಾಗಿಲ್ಲ.