ಎರಡೂ ಕಡೆ ಡ್ರಮ್ ಬ್ರೇಕ್ ಇರುವ ಸ್ಪ್ಲೆಂಡರ್‌ಗೆ ಯಾವ ಲಾಕ್, ಯಾವ ಅಲಾರ್ಮ್?

ಗೇಟ್_ಪಕ್ಕದ_ಗಾಡಿ
ಬಿಎಸ್-6 ಸ್ಪ್ಲೆಂಡರ್ ಪ್ಲಸ್, ಅಲಾಯ್ ವೀಲ್, ಮುಂದೆ ಹಿಂದೆ ಎರಡೂ ಡ್ರಮ್. ಬೆಂಗಳೂರಲ್ಲಿ ಬಾಡಿಗೆ ಮನೆ, ಕಾಂಪೌಂಡ್ ಒಳಗೆ ಜಾಗ ಇಲ್ಲ. ರಾತ್ರಿಯೆಲ್ಲ ಗಾಡಿ ಗೇಟಿನ ಹೊರಗೇ ನಿಲ್ಲುತ್ತದೆ. ಅಂಗಡಿಗೆ ಹೋದರೆ ಮೊದಲು ಕೈಗೆ ಕೊಡುವುದು ಅಲಾರ್ಮ್ ಇರುವ ಡಿಸ್ಕ್ ಲಾಕ್. ಆಮೇಲೆ ರಿಮೋಟ್ ಅಲಾರ್ಮ್ ಕಿಟ್. ಬಜೆಟ್ ಸುಮಾರು 3,000 ರೂಪಾಯಿ. ಹ್ಯಾಂಡಲ್ ಲಾಕ್ ಬಿಟ್ಟು ಬೇರೇನೂ ಇಲ್ಲ. ಮೊದಲು ಯಾವುದಕ್ಕೆ ದುಡ್ಡು ಹಾಕಲಿ?

ಹದಿಮೂರು_ಎಂಎಂ
ಡಿಸ್ಕ್ ಲಾಕ್ ಮರೆತುಬಿಡಿ. ಅದರ ಪಿನ್ ಹೋಗಬೇಕಾದ್ದು ಡಿಸ್ಕಿನ ತೂತಿನೊಳಗೆ, ನಿಮ್ಮ ಗಾಡಿಯಲ್ಲಿ ಡಿಸ್ಕೇ ಇಲ್ಲ. ಅಲಾಯ್ ಕಡ್ಡಿಗೆ ಸಿಕ್ಕಿಸಿ ಎನ್ನುವ ಅಂಗಡಿಯವರೂ ಇದ್ದಾರೆ, ಆ ಬಾಯಿಗೆ ಅಷ್ಟು ದಪ್ಪದ ಕಡ್ಡಿ ಹಿಡಿಸುವುದಿಲ್ಲ.

ಹ್ಯಾಂಡಲ್ ಲಾಕ್ ಎಂದರೆ ಫೋರ್ಕಿನ ಕಾಂಡದ ಒಂದು ಕಚ್ಚಿಗೆ ಕೂರುವ ಬೆರಳುದ್ದದ ಪಿನ್, ಅಷ್ಟೇ. ಹ್ಯಾಂಡಲ್ ತುದಿಗೆ ಕಾಲಿಟ್ಟು ಜೋರಾಗಿ ಒದ್ದರೆ ಸನ್ನೆಯ ಬಲಕ್ಕೆ ಮುರಿಯುತ್ತದೆ. ಅದು ಮುರಿದ ಮೇಲೆ ಉಳಿಯುವುದು 112 ಕೆಜಿ ತೂಕ. ಇಬ್ಬರು ಸೇರಿದರೆ ಎತ್ತಿ ಗೂಡ್ಸ್ ಆಟೋಗೆ ಹಾಕಿಕೊಂಡು ಹೋಗಬಹುದು. ಆದ್ದರಿಂದ ಚಕ್ರ ತಿರುಗದಂತೆ ಮಾಡಿದರೆ ಸಾಲದು, ಗಾಡಿಯನ್ನು ಕದಲದ ವಸ್ತುವಿಗೆ ಕಟ್ಟಬೇಕು. ನಿಮ್ಮ ಬಜೆಟ್ಟಿನ ಮುಕ್ಕಾಲು ಭಾಗ ಸರಪಳಿ ಮತ್ತು ಬೀಗಕ್ಕೆ ಹೋಗಲಿ.

ಸರಪಳಿ ಹಾರ್ಡನ್ ಮಾಡಿದ್ದೇ (ಉಕ್ಕನ್ನು ಕಾಯಿಸಿ ಗಡುಸು ಮಾಡಿದ್ದು) ಆಗಬೇಕು, ಕೊಂಡಿಯ ದಪ್ಪ ಕನಿಷ್ಠ 10 ಎಂಎಂ, ಸಿಕ್ಕರೆ 13. ಬಟ್ಟೆಯ ಕವಚ ಸರಿಸಿ ಕೊಂಡಿಯನ್ನೇ ಅಳೆಯಿರಿ, ಕವಚ ದಪ್ಪಗಿದ್ದು ಒಳಗೆ 6 ಎಂಎಂ ಕೊಂಡಿ ಇರುವ ಮಾಲು ಬಹಳ. ಪರೀಕ್ಷೆಗೆ ಒಂದು ಹ್ಯಾಕ್‌ಸಾ ಬ್ಲೇಡ್ ಒಯ್ಯಿರಿ: ಹಾರ್ಡನ್ ಆದ ಉಕ್ಕಿನ ಮೇಲೆ ಬ್ಲೇಡ್ ಜಾರುತ್ತದೆ, ಮೆದು ಕಬ್ಬಿಣವಾದರೆ ಕಚ್ಚಿ ಗೆರೆ ಬೀಳುತ್ತದೆ. ಉದ್ದ 1.2ರಿಂದ 1.5 ಮೀಟರ್ ಸಾಕು.

ಕಟ್ಟುವುದು ಹಿಂದಿನ ಚಕ್ರಕ್ಕೆ, ರಿಮ್ ಮತ್ತು ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು) ಎರಡನ್ನೂ ಸುತ್ತುವಂತೆ. ಮುಂದಿನ ಚಕ್ರ ಒಂದು ಆಕ್ಸಲ್ ಬಿಚ್ಚಿದರೆ ಕೈಗೆ ಬರುತ್ತದೆ. ಸರಪಳಿ ನೆಲಕ್ಕೆ ತಾಗದ ಹಾಗೆ ಬಿಗಿಯಾಗಿರಲಿ. ನೆಲದ ಮೇಲೆ ಬಿದ್ದಿದ್ದರೆ ಕಳ್ಳ ತನ್ನ ಬೋಲ್ಟ್ ಕಟರ್‌ನ ಒಂದು ಹಿಡಿಯನ್ನು ನೆಲಕ್ಕೆ ಊರಿ ಇನ್ನೊಂದರ ಮೇಲೆ ಮೈಭಾರ ಹಾಕಬಹುದು, ಸುತ್ತಿಗೆಗೂ ಅಡಿಗಲ್ಲು ಸಿಕ್ಕಂತಾಗುತ್ತದೆ. ಬೀಗದ ಕೊಕ್ಕೆ ಗಿಡ್ಡವಿರಲಿ, ಒಳಗೆ ಸಬ್ಬಲ್ ತೂರುವಷ್ಟು ಸಂದು ಉಳಿಯಬಾರದು. 13 ಎಂಎಂ ಸರಪಳಿಗೆ 8 ಎಂಎಂ ಬೀಗ ಹಾಕಿದರೆ ಕತ್ತರಿಸುವವನು ಸರಪಳಿಯ ಕಡೆ ನೋಡುವುದೂ ಇಲ್ಲ.

ಬ್ಯಾಟರಿ ಗ್ರೈಂಡರ್ ಮುಂದೆ ಯಾವ ಸರಪಳಿಯೂ ಬಹಳ ಹೊತ್ತು ನಿಲ್ಲುವುದಿಲ್ಲ. ಆದರೆ ಕಿಡಿ ಹಾರಿಸಿ ಬೀದಿ ಎಬ್ಬಿಸುವ ಕೆಲಸಕ್ಕೆ ಸ್ಪ್ಲೆಂಡರ್‌ಗಾಗಿ ಕೈಹಾಕುವವರು ಕಡಿಮೆ, ಪಕ್ಕದಲ್ಲಿ ಬೀಗವಿಲ್ಲದ ಇನ್ನೊಂದು ನಿಂತೇ ಇರುತ್ತದಲ್ಲ.

ಕಪ್ಲರ್_ಕೈಲಾಸ
ಸರಪಳಿ ವಿಷಯ ಸರಿ. ರಿಮೋಟ್ ಕಿಟ್ ಕೊಳ್ಳುವ ಮೊದಲು ಬ್ಯಾಟರಿ ಲೆಕ್ಕ ಹಾಕಿ. ಅಗ್ಗದ ಅಲಾರ್ಮ್ ಸುಮ್ಮನೆ ಕಾಯುತ್ತಿರುವಾಗಲೇ 10 ಮಿಲಿಆಂಪಿಯರ್ ಎಳೆಯಬಹುದು. ದಿನಕ್ಕೆ 0.24 ಆಂಪಿಯರ್-ಅವರ್. ಬ್ಯಾಟರಿ 3 ಆಂಪಿಯರ್-ಅವರ್ ಆದರೆ ಆರೇ ದಿನಕ್ಕೆ ಅರ್ಧ ಖಾಲಿ. ದಿನಾ ಓಡಿಸುವವರಿಗೆ ಅಡ್ಡಿಯಿಲ್ಲ. ಹಬ್ಬಕ್ಕೆ ಊರಿಗೆ ಹೋಗಿ ಎರಡು ವಾರ ಬಿಟ್ಟು ಬಂದರೆ ಬ್ಯಾಟರಿ ಮಲಗಿರುತ್ತದೆ.

ಅದಕ್ಕಿಂತ ಮುಖ್ಯ: ಆ ಕಿಟ್‌ಗಳಲ್ಲಿ ರಿಮೋಟ್ ಒತ್ತಿ ಎಂಜಿನ್ ಸ್ಟಾರ್ಟ್ ಮಾಡುವ ಎರಡು ವೈರ್ ಬರುತ್ತವೆ. ಅವನ್ನು ಜೋಡಿಸಲೇಬೇಡಿ, ತುದಿಗೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ಹಾಕಿ ಮಡಚಿಡಿ. ಕೀ ಇಲ್ಲದೆ ಇಗ್ನಿಷನ್ ಆನ್ ಮಾಡುವ ದಾರಿಯನ್ನು ನೀವೇ ಕಟ್ಟಿಕೊಟ್ಟಂತೆ. ಗೇರಿನಲ್ಲಿದ್ದಾಗ ಒತ್ತಿದರೆ ಗಾಡಿ ಮುಂದಕ್ಕೆ ನೆಗೆಯುತ್ತದೆ, ಅದು ಬೇರೆ.

ಸೆನ್ಸರ್ ಅತಿ ಸೂಕ್ಷ್ಮಕ್ಕೆ ಇಟ್ಟರೆ ನೀರಿನ ಟ್ಯಾಂಕರ್ ಹೋದರೂ ಕೂಗು, ದೀಪಾವಳಿ ಪಟಾಕಿಗೂ ಕೂಗು. ನಾಲ್ಕು ದಿನಕ್ಕೆ ಬೀದಿಯವರ ಕಿವಿಗೆ ಅದು ಅಭ್ಯಾಸವಾಗುತ್ತದೆ. ಸೀಟಿಗೆ ಅಂಗೈಯಿಂದ ತಟ್ಟಿದರೆ ಸುಮ್ಮನಿರಬೇಕು, ಸ್ಟ್ಯಾಂಡಿನಿಂದ ಎಬ್ಬಿಸಿದರೆ ಪೂರ್ತಿ ಕೂಗಬೇಕು, ಆ ಮಟ್ಟಕ್ಕೆ ತಿರುಗಿಸಿ. ಸೈರನ್ ಟ್ಯಾಂಕ್ ಕೆಳಗೆ ಕೂರಲಿ, ಬಾಯಿ ನೆಲದ ಕಡೆ, ಇಲ್ಲದಿದ್ದರೆ ಮೊದಲ ಮಳೆಗೇ ನೀರು ತುಂಬುತ್ತದೆ.

ಗೇಟ್_ಪಕ್ಕದ_ಗಾಡಿ
ಹಾಗಾದರೆ ಅಲಾರ್ಮ್‌ಗಿಂತ, ಕರೆಂಟ್ ಕಡಿದು ಗಾಡಿ ಸ್ಟಾರ್ಟ್ ಆಗದಂತೆ ಮಾಡುವ ಗುಪ್ತ ಸ್ವಿಚ್ ಮೇಲಲ್ಲವೇ? ಕಿಕ್ಕರ್ ಇದೆಯಲ್ಲ, ಬ್ಯಾಟರಿ ಲೈನ್ ಕಡಿದರೂ ಕಿಕ್ ಹೊಡೆದು ಒಯ್ಯಬಹುದಲ್ಲವೇ? ಇನ್ನೊಂದು: ಗೇಟಿನ ಕಂಬ ಹಗುರ ಪೈಪು. ಗೇಟಿನ ಮುಂದಿನ ಇಳಿಜಾರಿನಲ್ಲಿ ಕೊಕ್ಕೆ ಕೂರಿಸಲು ಮನೆ ಓನರ್ ಒಪ್ಪಿದ್ದಾರೆ.

ಕಪ್ಲರ್_ಕೈಲಾಸ
ಸ್ವಿಚ್ ಎಲ್ಲಿ ಹಾಕುತ್ತೀರಿ ಎನ್ನುವುದರ ಮೇಲಿದೆ. ಕೀ ಸೆಟ್‌ನ ಕಪ್ಲರ್ (ವೈರ್‌ಗಳನ್ನು ಜೋಡಿಸುವ ಪ್ಲಗ್) ಹೆಡ್‌ಲೈಟ್ ಹಿಂದೆ ಇರುತ್ತದೆ, ಕಳ್ಳ ಅದನ್ನು ಎಳೆದು ಎರಡು ವೈರ್ ಸೇರಿಸುತ್ತಾನೆ. ಕೀಯಲ್ಲಿ ಚಿಪ್ ಇಲ್ಲದ ಗಾಡಿಯಲ್ಲಿ ಎಫ್‌ಐ (ಕಾರ್ಬ್ಯುರೇಟರ್ ಬದಲಿನ ಫ್ಯೂಯಲ್ ಇಂಜೆಕ್ಷನ್) ಬಂದ ಮೇಲೂ ಅದೇ ಕಥೆ. ನಿಮ್ಮ ಸ್ವಿಚ್ ಅದರಿಂದ ದೂರ, ಫ್ಯೂಯಲ್ ಪಂಪಿನ ಪಾಸಿಟಿವ್ ಲೈನಿನಲ್ಲಿ ಇರಬೇಕು. ಪಂಪ್ ತಿರುಗದಿದ್ದರೆ ಕಿಕ್ಕರ್‌ಗೂ ಬಗ್ಗುವುದಿಲ್ಲ. ಪೈಪಿನಲ್ಲಿ ಉಳಿದ ಒತ್ತಡಕ್ಕೆ ಕೆಲವು ಸೆಕೆಂಡು ಓಡಿ ಆಫ್ ಆಗಬಹುದು. ಪೆಟ್ರೋಲ್ ಖಾಲಿ ಎಂದುಕೊಂಡು ಬಿಟ್ಟು ಹೋದರೆ ನಿಮಗೇ ಲಾಭ.

10 ಆಂಪಿಯರ್, 12 ವೋಲ್ಟ್ ಡಿಸಿ ರೇಟಿಂಗ್ ಇರುವ ಟಾಗಲ್ ಸ್ವಿಚ್, 1 ಚದರ ಎಂಎಂ ವೈರ್. ಮನೆಯ ಗೋಡೆ ಸ್ವಿಚ್ ಬೇಡ, ಅದು ಎಸಿಗೆ ಮಾಡಿದ್ದು, ಡಿಸಿಯಲ್ಲಿ ಕಾಂಟ್ಯಾಕ್ಟ್ ಸುಡುತ್ತದೆ. ಕಂಪನಿ ವೈರ್ ಕತ್ತರಿಸಿದರೆ ವಾರಂಟಿ ತಕರಾರು ಬರುತ್ತದೆ. ಅದೇ ಅಳತೆಯ ಗಂಡು-ಹೆಣ್ಣು ಕಪ್ಲರ್ ತಂದು ನಡುವೆ ಕೂರುವ ಚಿಕ್ಕ ಜಂಪರ್ ಮಾಡಿಕೊಳ್ಳಿ, ಬೇಡವಾದಾಗ ಕಿತ್ತು ಮೊದಲಿನಂತೆ ಜೋಡಿಸಬಹುದು.

ರಿಲೇ_87ಎ
ಟಾಗಲ್ ಬದಲು ಅಲಾರ್ಮ್‌ಗೆ ರಿಲೇ (ಕರೆಂಟ್ ಕೊಟ್ಟಾಗ ತಾನೇ ಬದಲಾಗುವ ಸ್ವಿಚ್) ಸೇರಿಸುವವರು ಬಹಳ, ಅದಕ್ಕೆ ಒಂದು ಎಚ್ಚರಿಕೆ. ಪಂಪ್ ಲೈನನ್ನು ರಿಲೇಯ 30 ಮತ್ತು 87ಎ ಪಿನ್ ಮೂಲಕ ಹಾಯಿಸಿದರೆ ರಿಲೇಗೆ ಕರೆಂಟ್ ಬಂದಾಗ ಮಾತ್ರ ಕಡಿತ. ಕಳ್ಳ ಅಲಾರ್ಮ್ ವೈರ್ ಕಿತ್ತರೆ ಗಾಡಿ ಸ್ಟಾರ್ಟ್ ಆಗುತ್ತದೆ. 30 ಮತ್ತು 87 ಮೂಲಕ ಹಾಯಿಸಿದರೆ ರಿಲೇಗೆ ಕರೆಂಟ್ ಇದ್ದಾಗ ಮಾತ್ರ ಲೈನ್ ಜೋಡಣೆ, ಹಾಗಾಗಿ ವೈರ್ ಕಿತ್ತರೂ ಸ್ಟಾರ್ಟ್ ಆಗದು. ಆದರೆ ಓಡುವಷ್ಟು ಹೊತ್ತೂ ಕಾಯಿಲ್ 150 ಮಿಲಿಆಂಪಿಯರ್‌ನಷ್ಟು ತಿನ್ನುತ್ತದೆ, ಸಡಿಲ ಟರ್ಮಿನಲ್ ಇದ್ದರೆ ಫ್ಲೈಓವರ್ ಮೇಲೆ ಎಂಜಿನ್ ನಿಂತೀತು. ಅದಕ್ಕೇ ನನ್ನ ಮತ ಸಾದಾ ಟಾಗಲ್‌ಗೆ. ಓಡುವ ಗಾಡಿಯನ್ನು ಫೋನಿನಿಂದ ನಿಲ್ಲಿಸುವ ಸೌಲಭ್ಯ ನನಗೆ ಸರಿಬೀಳುವುದಿಲ್ಲ.

ಜಿಪಿಎಸ್ ಟ್ರ್ಯಾಕರ್ ಕೊಳ್ಳುವುದಾದರೆ ಅದು 2ಜಿಯೋ 4ಜಿಯೋ ನೋಡಿ. ಅಗ್ಗದವು ಹೆಚ್ಚಾಗಿ 2ಜಿ, ಜಿಯೋ ಸಿಮ್ ಅದರಲ್ಲಿ ನಡೆಯದು.

ಹದಿಮೂರು_ಎಂಎಂ
ಕೊಕ್ಕೆಗೆ ಬರೋಣ. ಮೊದಲ ಮಾತು, ಸಂಪ್ ಎಲ್ಲಿದೆ ಎಂದು ಓನರ್ ಹತ್ತಿರ ಕೇಳಿ. ಬೆಂಗಳೂರಿನ ಮನೆಗಳಲ್ಲಿ ಅದು ಗೇಟಿನ ಆಸುಪಾಸಿನಲ್ಲೇ ಇರುತ್ತದೆ. ಸಂಪಿನ ಸ್ಲ್ಯಾಬ್ ಕೊರೆದರೆ ಕೊಕ್ಕೆಯೂ ನಿಲ್ಲದು, ನೀರೂ ನಿಲ್ಲದು.

ಗಟ್ಟಿ ಕಾಂಕ್ರೀಟ್ 150 ಎಂಎಂ ಆದರೂ ದಪ್ಪ ಇದ್ದರೆ ಎಂ12 ಸ್ಟಡ್ (12 ಎಂಎಂ ದಪ್ಪದ ತಿರುಪಿನ ಸರಳು) ಮತ್ತು ಕೆಮಿಕಲ್ ಆಂಕರ್ (ಅದನ್ನು ತೂತಿನೊಳಗೆ ಹಿಡಿಸುವ ಅಂಟು): 14 ಎಂಎಂ ಬಿಟ್, 110 ಎಂಎಂ ಆಳ. ತೂತಿನ ಧೂಳನ್ನು ಬ್ರಷ್ ಹಾಕಿ, ಊದಿ, ಮತ್ತೆ ಬ್ರಷ್ ಹಾಕಿ ತೆಗೆಯಿರಿ. ಧೂಳು ಉಳಿದರೆ ಅಂಟು ಹಿಡಿಯುವುದು ಧೂಳನ್ನು, ಕಾಂಕ್ರೀಟನ್ನಲ್ಲ. ಆಂಕರ್ ಕಿತ್ತುಬರುವುದಕ್ಕೆ ಸಾಮಾನ್ಯ ಕಾರಣ ಇದೇ. ನಟ್ ಬಿಗಿದ ಮೇಲೆ ಒಂದು ಚುಕ್ಕೆ ವೆಲ್ಡಿಂಗ್ ಹಾಕಿಸಿ. ಆದರೆ ಅಂಟು ಪೂರ್ತಿ ಗಟ್ಟಿಯಾದ ಮೇಲೆ, ಅದೂ ಚುಟುಕಾಗಿ. ಬಿಸಿ ಕೆಳಗಿಳಿದರೆ ಅಂಟು ಸಾಯುತ್ತದೆ.

ಕೆಳಗೆ ಬರೀ ಪೇವರ್ ಕಲ್ಲಾದರೆ ಯಾವ ಬೋಲ್ಟೂ ನಿಲ್ಲದು. ಕಲ್ಲು ತೆಗೆದು 30 ಸೆಂ.ಮೀ. ಉದ್ದ, ಅಗಲ, ಆಳದ ಗುಂಡಿ ತೋಡಿ, 16 ಎಂಎಂ ಸರಳನ್ನು ಯು ಆಕಾರಕ್ಕೆ ಬಗ್ಗಿಸಿ, ತುದಿಗಳನ್ನು ಹೊರಕ್ಕೆ ಮಡಚಿ ಕಾಂಕ್ರೀಟ್ ಸುರಿಯಿರಿ. ಆ ಗಡ್ಡೆಯೇ ಸುಮಾರು 65 ಕೆಜಿ ತೂಗುತ್ತದೆ, ಸುತ್ತಲ ಮಣ್ಣಿನ ಹಿಡಿತ ಬೇರೆ. ಏಳು ದಿನ ನೀರುಣಿಸಿ, ಅಲ್ಲಿಯವರೆಗೆ ಸರಪಳಿ ಕಟ್ಟಬೇಡಿ. ಕೊಕ್ಕೆ ಫುಟ್‌ಪಾತಿಗೆ ಚಾಚಬಾರದು, ಎಡವಿ ಬಿದ್ದವರು ನಿಮ್ಮನ್ನೇ ಕೇಳುತ್ತಾರೆ.

ಎರಡನೇ_ಕೀ
ಬರೀ ಥರ್ಡ್ ಪಾರ್ಟಿ ವಿಮೆ ಇದ್ದರೆ ಕಳವಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಪೂರ್ಣ ವಿಮೆ ಇದ್ದರೂ ಕ್ಲೇಮ್ ವೇಳೆ ಎರಡೂ ಕೀ ಕೇಳುತ್ತಾರೆ, ಎರಡನೆಯದು ಎಲ್ಲಿದೆ ಎಂದು ಇವತ್ತೇ ಹುಡುಕಿಡಿ. ಕಳವಾದರೆ ಮೊದಲು 112, ತಡಮಾಡದೆ ಎಫ್‌ಐಆರ್, ಅದೇ ದಿನ ವಿಮಾ ಕಂಪನಿಗೆ ಲಿಖಿತ ಸೂಚನೆ. ಗಾಡಿ ಸಿಗದಿದ್ದರೆ ಪತ್ತೆಯಾಗಲಿಲ್ಲ ಎಂದು ಪೊಲೀಸರು ಕೋರ್ಟಿಗೆ ಸಲ್ಲಿಸುವ ಸಿ ರಿಪೋರ್ಟ್ ಬಂದ ಮೇಲೇ ಸಾಮಾನ್ಯವಾಗಿ ಹಣ ಬಿಡುಗಡೆ. ಎಂಜಿನ್, ಚಾಸಿಸ್ ನಂಬರಿನ ಫೋಟೋ ಫೋನಿನಲ್ಲಿರಲಿ, ಆರ್‌ಸಿ ಗಾಡಿಯೊಳಗೆ ಬೇಡ.

ಗೇಟ್_ಪಕ್ಕದ_ಗಾಡಿ
ಸಂಪ್ ಇರುವುದು ಗೇಟಿನ ಎಡಕ್ಕೆ, ಕೊಕ್ಕೆ ಬಲಕ್ಕೆ ಹಾಕಿಸುತ್ತೇನೆ. ಸರಪಳಿ, ಬೀಗ, ಟಾಗಲ್ ತರುತ್ತೇನೆ, ಅಲಾರ್ಮ್ ಸದ್ಯಕ್ಕೆ ಬೇಡ. ಹೊರಗೇ ಇರುವ ಬೀಗಕ್ಕೆ ಮಳೆಗಾಲದಲ್ಲಿ ತೆಂಗಿನೆಣ್ಣೆ ಬಿಡಬಹುದೇ?

ಹದಿಮೂರು_ಎಂಎಂ
ತೆಂಗಿನೆಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ, ಧೂಳು ಹಿಡಿದು ಅಂಟಾಗುತ್ತದೆ. ಗ್ರಾಫೈಟ್ ಪುಡಿ ತಿಂಗಳಿಗೊಮ್ಮೆ ಒಂದು ಚಿಟಿಕೆ. ಬೀಗ ಹಾಕುವಾಗ ಕೀ ತೂತು ನೆಲದ ಕಡೆ ಇರಲಿ. ಸರಪಳಿ ಹಾಕಿದ ರಾತ್ರಿ ಹ್ಯಾಂಡಲ್‌ಗೊಂದು ಕೆಂಪು ರಿಬ್ಬನ್ ಕಟ್ಟಿಕೊಳ್ಳಿ, ಬೆಳಗಿನ ಅವಸರದಲ್ಲಿ ಬೀಗ ಮರೆತು ಗೇರ್ ಹಾಕಿದರೆ ಮೊದಲು ಮುರಿಯುವುದು ಅಲಾಯ್ ಕಡ್ಡಿ.